ಪೊಲೀಸನಾಗಲೇ, ಬೇಡವೇ?

ಪ್ರೌಢಶಾಲೆಯ ವ್ಯಾಸಂಗ ಮುಗಿಯುವ ಕಾಲಕ್ಕೆ ಪ್ರತಿಯೊಬ್ಬ ವಿದ್ಯಾರ್ಥಿಯ ಮುಂದೆಯೂ ಒಂದು ಪ್ರಶ್ನೆ ಬಂದು ನಿಲ್ಲುತ್ತದೆ: ಮುಂದೆ ನಾನು ಏನಾಗಬೇಕು? ವೈದ್ಯನಾಗಲಿ, ಉಪಾಧ್ಯಾಯನಾಗಲಿ, ವ್ಯಾಪಾರಿಯಾಗಲಿ, ಯಾವ ವೃತ್ತಿಯನ್ನು ಹಿಡಿಯುವವನೂ ಒಂದಿಷ್ಟು ಯೋಚಿಸಿಯೇ ಹಿಡಿಯುತ್ತಾನೆ. ಆದರೆ ಒಂದು ವೃತ್ತಿಯ ವಿಷಯದಲ್ಲಿ ಈ ಯೋಚನೆ ಉಳಿದವುಗಳಿಗಿಂತ ಆಳಕ್ಕೆ ಇಳಿಯುತ್ತದೆ. ಅದು ಪೊಲೀಸ್ ವೃತ್ತಿ. ಸಮಾಜವು ಉಪಾಧ್ಯಾಯನ ಕೈಗೆ ಪುಸ್ತಕವನ್ನು ಕೊಡುತ್ತದೆ. ರೈತನ ಕೈಗೆ ನೇಗಿಲನ್ನು ಕೊಡುತ್ತದೆ. ಪೊಲೀಸನ ಕೈಗಾದರೋ ಲಾಠಿಯನ್ನೂ ಬಂದೂಕನ್ನೂ ಕೊಟ್ಟು, ಇನ್ನೊಬ್ಬ ಮನುಷ್ಯನನ್ನು ಹಿಡಿದು ನಿಲ್ಲಿಸುವ ಅಧಿಕಾರವನ್ನೂ ಕೊಡುತ್ತದೆ. ಇಂಥ ಅಧಿಕಾರವನ್ನು ಸ್ವೀಕರಿಸುವ ಮುನ್ನ ಮನಸ್ಸು ಅಳುಕಿದರೆ ಅದರಲ್ಲಿ ಆಶ್ಚರ್ಯವೇನಿದೆ?

ತುಮಕೂರು ಜಿಲ್ಲೆಯ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳು ತೆಂಗಿನ ಸೀಮೆ. ಇದನ್ನು ಜನರು ಪ್ರೀತಿಯಿಂದ ಕಲ್ಪತರು ನಾಡು ಎನ್ನುತ್ತಾರೆ. ಇಲ್ಲಿಯ ರೈತರು ಬಲಿತ ಕಾಯಿಗಳನ್ನು ಕಿತ್ತು, ಸಿಪ್ಪೆ ಸಹಿತವಾಗಿ ಅಟ್ಟದ ಮೇಲೆ ಹರಡಿ, ಹತ್ತು ಹನ್ನೆರಡು ತಿಂಗಳು ಕಾದು, ಒಳಗಿನ ನೀರು ಆರಿದ ಮೇಲೆ ಸುಲಿದು ಒಡೆದು ಉಂಡೆ ಕೊಬ್ಬರಿಯನ್ನು ತೆಗೆಯುತ್ತಾರೆ. ವರ್ಷವಿಡೀ ಕಾಪಾಡಿದ ಆ ಕೊಬ್ಬರಿ ತಿಪಟೂರಿನ ಮಾರುಕಟ್ಟೆಗೆ ಹೋದ ದಿನ ಬೆಲೆ ಏರಿದ್ದರೆ ಮನೆಯಲ್ಲಿ ನಗು. ಇಳಿದಿದ್ದರೆ ಸಾಲದ ಲೆಕ್ಕ. ಆದುದರಿಂದ ತೋಟವಿದ್ದ ಮನೆಯವರೂ, ‘ಮಕ್ಕಳಲ್ಲಿ ಒಬ್ಬನಾದರೂ ಸರಕಾರಿ ಕೆಲಸಕ್ಕೆ ಸೇರಲಿ’ ಎಂದು ಬಯಸುವುದು ಸಹಜವಾಗಿದೆ.

ಇಂಥ ಮನೆಯ ಒಬ್ಬ ತರುಣನನ್ನು ಊಹಿಸಿಕೊಳ್ಳೋಣ. ಅವನು ಪದವಿ ಮುಗಿಸಿದ್ದಾನೆ. ದೃಢಕಾಯನಾಗಿದ್ದಾನೆ. ಸಬ್ ಇನ್‌ಸ್ಪೆಕ್ಟರ್ ಹುದ್ದೆಗೆ ಅರ್ಜಿ ಹಾಕಬೇಕೆಂದು ಬೆಳಗಿನ ಜಾವ ಎದ್ದು ಓಟದ ಅಭ್ಯಾಸ ಮಾಡುತ್ತಿದ್ದಾನೆ. ತಾಯಿಗೆ ಸಂತೋಷವಾಗಿದೆ. ಆದರೆ ಜಗುಲಿಯ ಮೇಲೆ ಕುಳಿತ ತಾತ ಕೇಳುತ್ತಾನೆ: “ಠಾಣೆ ಮೆಟ್ಟಿಲು ಹತ್ತದೆ ಬಾಳಬೇಕು ಅಂತ ಬಾಳಿದೋರು ನಾವು. ನೀನು ಅಲ್ಲೇ ಹೋಗಿ ಕೂರ್ತೀಯೇನಪ್ಪಾ?” ಈ ಒಂದು ಮಾತು ಮೊಮ್ಮಗನ ಮನಸ್ಸನ್ನು ಕಲಕುತ್ತದೆ. ತಾನು ಸೇರಬೇಕೆಂದಿರುವುದು ಜನರು ನೆಚ್ಚುವ ಸ್ಥಳಕ್ಕೋ, ಅಂಜುವ ಸ್ಥಳಕ್ಕೋ? ಅಲ್ಲಿ ಸೇರಿದ ಮೇಲೆ ತಾನು ತಾನಾಗಿಯೇ ಉಳಿಯುವೆನೋ, ಬೇರೊಬ್ಬನಾಗುವೆನೋ?

ಸಂದೇಹವನ್ನು ದೌರ್ಬಲ್ಯವೆಂದು ಭಾವಿಸುವವರುಂಟು. ‘ಧೈರ್ಯವಿಲ್ಲದವನಿಗೆ ಪೊಲೀಸ್ ಕೆಲಸವೇಕೆ?’ ಎಂದು ಹಾಸ್ಯ ಮಾಡುವವರೂ ಉಂಟು. ಆದರೆ ಎಲ್ಲ ಸಂದೇಹಗಳೂ ಒಂದೇ ಬಗೆಯವಲ್ಲ. ಕೊಬ್ಬರಿಯನ್ನು ಮಾರುಕಟ್ಟೆಗೆ ಒಯ್ಯುವ ಮುನ್ನ ರೈತನು ಕೊಳೆತದ್ದನ್ನು, ಒಡೆದದ್ದನ್ನು, ಗಟ್ಟಿಯಾದುದನ್ನು ಬೇರೆಬೇರೆ ಗುಡ್ಡೆ ಮಾಡುತ್ತಾನಷ್ಟೆ. ಅದೇ ರೀತಿ ಈ ತರುಣನೂ ತನ್ನ ಸಂದೇಹಗಳನ್ನು ವಿಂಗಡಿಸಿ ನೋಡಬೇಕು. ಅವುಗಳಲ್ಲಿ ಮುಖ್ಯವಾದವು ಮೂರು: ಕಷ್ಟದ ಭಯ, ಕೊಳೆಯ ಭಯ, ತನ್ನ ಕೈಯ ಭಯ.

ಮೊದಲನೆಯದಾಗಿ ಕಷ್ಟದ ಭಯ. ಇದು ಸುಳ್ಳು ಭಯವಲ್ಲ. 1959ನೆಯ ಅಕ್ಟೋಬರ್ 21ರಂದು ಲಡಾಖಿನ ಹಾಟ್ ಸ್ಪ್ರಿಂಗ್ಸ್ ಎಂಬಲ್ಲಿ ಗಡಿ ಕಾಯುತ್ತಿದ್ದ ಹತ್ತು ಮಂದಿ ಪೊಲೀಸರು ಚೀನೀ ಸೈನಿಕರ ಗುಂಡಿಗೆ ಬಲಿಯಾದರು. ಅಂದಿನ ನೆನಪಿಗಾಗಿ ಪ್ರತಿವರ್ಷವೂ ಆ ದಿನವನ್ನು ದೇಶದಾದ್ಯಂತ ಪೊಲೀಸ್ ಹುತಾತ್ಮರ ದಿನವಾಗಿ ಆಚರಿಸುತ್ತಾರೆ. ನಮ್ಮ ನಾಡಿನಲ್ಲಿಯೇ 1992ನೆಯ ಆಗಸ್ಟ್ 14ರಂದು, ಇಂದಿನ ಚಾಮರಾಜನಗರ ಜಿಲ್ಲೆಯ ಮೀಣ್ಯದ ಬಳಿ, ದಂತಚೋರ ವೀರಪ್ಪನ್ ಹೂಡಿದ ಸಂಚಿನಲ್ಲಿ ಎಸ್.ಪಿ. ಹರಿಕೃಷ್ಣ ಮತ್ತು ಸಬ್ ಇನ್‌ಸ್ಪೆಕ್ಟರ್ ಶಕೀಲ್ ಅಹಮದ್ ಸಂಗಡಿಗರೊಡನೆ ಪ್ರಾಣ ತೆತ್ತರು.

ಪ್ರಾಣಭಯವು ಎಂದೋ ಒಮ್ಮೆ ಎದುರಾಗುವಂಥದು, ದಣಿವು ಪ್ರತಿದಿನದ್ದು. ಊರೆಲ್ಲ ಜಾತ್ರೆಯ ಸಂಭ್ರಮದಲ್ಲಿರುವಾಗ ಪೊಲೀಸನು ತೇರಿನ ಮುಂದೆ ಜನರನ್ನು ಹಿಂದಕ್ಕೆ ಸರಿಸುತ್ತ ನಿಂತಿರುತ್ತಾನೆ. ಹಬ್ಬದ ದಿನ ಅವನ ಎಲೆ ಮನೆಯಲ್ಲಿ ಖಾಲಿಯಾಗಿಯೇ ಇರುತ್ತದೆ. ಕಡಮೆ ಸಂಬಳ, ವಾರದ ರಜೆಯಿಲ್ಲದ ದೀರ್ಘ ದುಡಿಮೆ, ಮೇಲಧಿಕಾರಿಗಳ ಮನೆಗೆಲಸ ಇವುಗಳಿಂದ ಬೇಸತ್ತ ಕರ್ನಾಟಕದ ಪೊಲೀಸ್ ಸಿಬ್ಬಂದಿಯವರು 2016ನೆಯ ಜೂನ್ 4ರಂದು ಸಾಮೂಹಿಕ ರಜೆ ಹಾಕುವುದಾಗಿ ಘೋಷಿಸಿದ್ದರು. ಶಿಸ್ತಿನ ಇಲಾಖೆಯಲ್ಲಿ ಇದು ಅಸಾಮಾನ್ಯವಾದ ಸಂಗತಿ. ಅನಂತರ ಹಿರಿಯ ಅಧಿಕಾರಿ ರಾಘವೇಂದ್ರ ಔರಾದ್ಕರ್ ಅವರ ಸಮಿತಿಯು ಮಾಡಿದ ಶಿಫಾರಸಿನ ಆಧಾರದ ಮೇಲೆ 2019ರಲ್ಲಿ ಸರಕಾರವು ಸಂಬಳವನ್ನು ಪರಿಷ್ಕರಿಸಿತು. ಕಷ್ಟವನ್ನು ಕಂಡು ಹಿಂಜರಿಯುವವನನ್ನು ನಿಂದಿಸಬೇಕಾಗಿಲ್ಲ. ಆದರೆ ಈ ಸಂದೇಹಕ್ಕೆ ಉತ್ತರ ಹುಡುಕುವುದು ಸುಲಭ. ನನ್ನ ದೇಹ ಇದನ್ನು ತಾಳೀತೇ, ನನ್ನ ಮನೆಯವರು ಇದನ್ನು ತಾಳಿಯಾರೇ ಎಂದು ಕೇಳಿಕೊಂಡರೆ ಸಾಕು, ಉತ್ತರ ದೊರೆಯುತ್ತದೆ.

ಎರಡನೆಯದು ಕೊಳೆಯ ಭಯ. ‘ಬೇಲಿಯೇ ಎದ್ದು ಹೊಲ ಮೇದಂತೆ’ ಎಂಬ ಗಾದೆಯನ್ನು ನಮ್ಮ ಜನರು ಪೊಲೀಸರ ವಿಷಯದಲ್ಲಿ ಮತ್ತೆ ಮತ್ತೆ ಬಳಸುತ್ತಾರೆ. ಅದಕ್ಕೆ ಕಾರಣಗಳೂ ಇಲ್ಲದಿಲ್ಲ. 2021ನೆಯ ಅಕ್ಟೋಬರ್ 3ರಂದು ನಮ್ಮ ರಾಜ್ಯದಲ್ಲಿ 545 ಸಬ್ ಇನ್‌ಸ್ಪೆಕ್ಟರ್ ಹುದ್ದೆಗಳಿಗಾಗಿ ಲಿಖಿತ ಪರೀಕ್ಷೆ ನಡೆಯಿತು. ಫಲಿತಾಂಶ ಬಂದ ಮೇಲೆ ಅದರಲ್ಲಿ ದೊಡ್ಡ ಅಕ್ರಮ ನಡೆದಿರುವುದು ಬೆಳಕಿಗೆ ಬಂದಿತು. ಅಭ್ಯರ್ಥಿಗಳು, ಮಧ್ಯವರ್ತಿಗಳು, ಪೊಲೀಸರು ಬಂಧಿತರಾದರು. ನೇಮಕಾತಿ ವಿಭಾಗದ ಹೊಣೆ ಹೊತ್ತಿದ್ದ ಹಿರಿಯ ಅಧಿಕಾರಿಯ ಬಂಧನವೂ ಆಯಿತು. 2022ನೆಯ ಏಪ್ರಿಲ್‌ನಲ್ಲಿ ಸರಕಾರವು ಆ ಪರೀಕ್ಷೆಯನ್ನು ರದ್ದುಗೊಳಿಸಿತು. ಮರುಪರೀಕ್ಷೆ ನಡೆದದ್ದು 2024ನೆಯ ಜನವರಿಯಲ್ಲಿ.

ಈ ಎರಡು ವರ್ಷಗಳಿಗಿಂತಲೂ ಹೆಚ್ಚಿನ ಅವಧಿಯಲ್ಲಿ, ಬಾಡಿಗೆ ಕೋಣೆಗಳಲ್ಲಿ ಕುಳಿತು ಪ್ರಾಮಾಣಿಕವಾಗಿ ಓದಿದ್ದ ಬಡ ಅಭ್ಯರ್ಥಿಗಳ ಪಾಡೇನಾಗಿರಬೇಕು! ಕಳ್ಳರನ್ನು ಹಿಡಿಯುವ ಕೆಲಸಕ್ಕೆ ಕಳ್ಳದಾರಿಯಲ್ಲಿ ಬರಲು ಯತ್ನಿಸಿದವರನ್ನು ಕಂಡು, ‘ಈ ಇಲಾಖೆಯೇ ಬೇಡ’ ಎಂದು ಅವರಲ್ಲಿ ಕೆಲವರಿಗೆ ಅನ್ನಿಸಿದ್ದರೆ ಅದು ತಪ್ಪಲ್ಲ. ಆದರೆ ಇದೇ ಘಟನೆಯಲ್ಲಿ ಗಮನಿಸಬೇಕಾದ ಇನ್ನೊಂದು ಅಂಶವೂ ಇದೆ. ಆ ಅಕ್ರಮವನ್ನು ತನಿಖೆ ಮಾಡಿದವರು ಯಾರು? ರಾಜ್ಯದ ಸಿ.ಐ.ಡಿ. ಪೊಲೀಸರು. ಬಂಧಿತನಾದ ಪೊಲೀಸನೂ ಬಂಧಿಸಿದ ಪೊಲೀಸನೂ ಒಂದೇ ಇಲಾಖೆಯವರು. ಖಾಕಿ ಬಟ್ಟೆಯು ಯಾರನ್ನೂ ತಾನಾಗಿ ಶುದ್ಧಗೊಳಿಸುವುದಿಲ್ಲ, ಯಾರನ್ನೂ ತಾನಾಗಿ ಕೆಡಿಸುವುದೂ ಇಲ್ಲ. ಒಳ್ಳೆಯವರೆಲ್ಲರೂ ಕೊಳೆಗೆ ಹೆದರಿ ದೂರ ನಿಂತರೆ ಆ ಸ್ಥಾನಗಳು ಬರಿದಾಗಿ ಉಳಿಯುವುದಿಲ್ಲ; ಕೊಳೆಗೆ ಹೆದರದವರು ಬಂದು ಅವುಗಳನ್ನು ತುಂಬುತ್ತಾರೆ.

ಮೂರನೆಯದು ತನ್ನ ಕೈಯ ಭಯ. ಇದೇ ಎಲ್ಲಕ್ಕಿಂತ ಗಂಭೀರವಾದುದು. ‘ನನ್ನ ಕೈಯಿಂದಲೇ ಅನ್ಯಾಯವಾದರೆ? ನಾನು ನಂಬದ ಆಜ್ಞೆಯನ್ನು ನಾನೇ ನಡೆಸಬೇಕಾಗಿ ಬಂದರೆ?’ 1938ನೆಯ ಏಪ್ರಿಲ್ 25ರಂದು ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ ರಾಷ್ಟ್ರಧ್ವಜವನ್ನು ಹಾರಿಸಲು ಕೂಡಿದ್ದ ಜನರ ಮೇಲೆ ಮೈಸೂರು ಸಂಸ್ಥಾನದ ಪೊಲೀಸರು ಗುಂಡು ಹಾರಿಸಿದರು. ಅನೇಕರು ಮಡಿದರು. ಧ್ವಜದ ಕೆಳಗೆ ನಿಂತವರೂ ಈ ನಾಡಿನ ಮಕ್ಕಳು. ಬಂದೂಕಿನ ಹಿಂದೆ ನಿಂತವರೂ ಈ ನಾಡಿನ ಮಕ್ಕಳೇ. ಆ ಸಂಜೆ ಮನೆಗೆ ಹಿಂದಿರುಗಿದ ಒಬ್ಬ ಪೊಲೀಸ್ ಪೇದೆಯ ಮನಸ್ಸಿನಲ್ಲಿ ಏನು ನಡೆದಿರಬಹುದೆಂಬುದನ್ನು ಇತಿಹಾಸದ ಪುಸ್ತಕಗಳು ಹೇಳುವುದಿಲ್ಲ. ಅದನ್ನು ನಾವೇ ಊಹಿಸಿಕೊಳ್ಳಬೇಕು.

ಇಂಥದೇ ಮನಸ್ಸಿನ ತೊಳಲಾಟವನ್ನು ತಾನೇ ಬರೆದಿಟ್ಟ ಒಬ್ಬ ಪೊಲೀಸ್ ಅಧಿಕಾರಿ ಇದ್ದಾನೆ. ಲೋಕವು ಅವನನ್ನು ಜಾರ್ಜ್ ಆರ್ವೆಲ್ ಎಂಬ ಲೇಖಕನನ್ನಾಗಿ ಬಲ್ಲದು. 1903ರಲ್ಲಿ ಬಿಹಾರದ ಮೋತಿಹಾರಿಯಲ್ಲಿ ಹುಟ್ಟಿದ ಈ ಆಂಗ್ಲ ತರುಣನು 1922ರಿಂದ 1927ರವರೆಗೆ ಬರ್ಮಾದಲ್ಲಿ ಪೊಲೀಸ್ ಅಧಿಕಾರಿಯಾಗಿದ್ದನು. ಮದವೇರಿ ಒಬ್ಬನನ್ನು ಕೊಂದಿದ್ದ ಆನೆಯನ್ನು ಹುಡುಕಿಕೊಂಡು ಹೋದ ಪ್ರಸಂಗವನ್ನು ಅವನು 1936ರಲ್ಲಿ ಪ್ರಕಟವಾದ ಪ್ರಬಂಧವೊಂದರಲ್ಲಿ ನಿರೂಪಿಸಿದ್ದಾನೆ. ಅಧಿಕಾರಿ ಹತ್ತಿರ ಬರುವಷ್ಟರಲ್ಲಿ ಆನೆ ಶಾಂತವಾಗಿ ಹುಲ್ಲು ತಿನ್ನುತ್ತಿತ್ತು. ಅದನ್ನು ಕೊಲ್ಲುವ ಅಗತ್ಯವಿರಲಿಲ್ಲ. ಅವನಿಗೆ ಮನಸ್ಸೂ ಇರಲಿಲ್ಲ. ಆದರೆ ಬೆನ್ನ ಹಿಂದೆ ಸಾವಿರಾರು ಜನರು ಕಾದು ನಿಂತಿದ್ದರು. ಅವರ ಮುಂದೆ ನಗೆಪಾಟಲಾಗಬಾರದೆಂಬ ಒಂದೇ ಕಾರಣಕ್ಕೆ ಅವನು ಗುಂಡು ಹಾರಿಸಿದನು. ಕೈಯಲ್ಲಿ ಬಂದೂಕು ಹಿಡಿದವನೂ ಹೇಗೆ ಪರಾಧೀನನಾಗಬಲ್ಲನೆಂಬುದು ಅವನಿಗೆ ಆಗ ಅರಿವಾಯಿತು. ಪರಕೀಯ ಆಳ್ವಿಕೆಯ ಕೈದೊಣ್ಣೆಯಾಗಿರಲು ಒಪ್ಪದೆ ಅವನು 1927ರಲ್ಲಿ ಆ ಕೆಲಸವನ್ನು ಬಿಟ್ಟನು.

ಆರ್ವೆಲ್ ಸೇವೆ ಮಾಡಿದ್ದು ಬರ್ಮಾದ ಜನರಿಗೆ ಉತ್ತರ ಹೇಳಬೇಕಾಗಿಲ್ಲದ ಸಾಮ್ರಾಜ್ಯಕ್ಕೆ. ಇಂದಿನ ಪೊಲೀಸನು ಸಂವಿಧಾನಕ್ಕೆ ನಿಷ್ಠೆಯ ಪ್ರತಿಜ್ಞೆ ಮಾಡಿದವನು. ಇದು ದೊಡ್ಡ ವ್ಯತ್ಯಾಸ. ಆದರೂ ಪ್ರಶ್ನೆ ಪೂರ್ಣವಾಗಿ ಮಾಯವಾಗುವುದಿಲ್ಲ. 2023ರಲ್ಲಿ ಕೇಂದ್ರ ಸರಕಾರವು ಉಂಡೆ ಕೊಬ್ಬರಿಗೆ ಕ್ವಿಂಟಲಿಗೆ 11,750 ರೂಪಾಯಿಗಳ ಬೆಂಬಲ ಬೆಲೆಯನ್ನು ನಿಗದಿ ಮಾಡಿದ್ದರೂ ಮಾರುಕಟ್ಟೆಯ ಧಾರಣೆ ಅದಕ್ಕಿಂತ ಬಹಳ ಕೆಳಗೆ ಇಳಿಯಿತು. ತಿಪಟೂರಿನಲ್ಲಿ ರೈತರು ಧರಣಿ ಕುಳಿತರು. ಇಂಥ ಸಂದರ್ಭಗಳಲ್ಲಿ ಬಂದೋಬಸ್ತಿಗೆ ನಿಲ್ಲುವವರಲ್ಲಿ ರೈತರ ಮಕ್ಕಳೂ ಇರುತ್ತಾರೆ. ನಾವು ಊಹಿಸಿಕೊಂಡ ತರುಣನಿಗೂ ಇಂಥ ದಿನವೊಂದು ಬಾರದೆ ಇರದು. ಎದುರಿಗೆ ಕುಳಿತವನು ಅವನ ತಂದೆಯೇ ಆಗಿದ್ದರೆ? ತಂದೆ ಕೂಗುತ್ತಿರುವ ಬೆಲೆ ತನ್ನ ಮನೆಯ ಅನ್ನದ ಬೆಲೆಯೇ ಆಗಿದ್ದರೆ?

ಈ ಸಂದೇಹಕ್ಕೆ ಉತ್ತರವನ್ನು ನಮ್ಮ ಕಾನೂನಿನಲ್ಲಿಯೇ ಹುಡುಕಬಹುದು. ಶಾಂತಿಯುತವಾಗಿ, ನಿರಾಯುಧರಾಗಿ ಸಭೆ ಸೇರುವುದು ಸಂವಿಧಾನದ 19ನೆಯ ವಿಧಿಯು ಕೊಟ್ಟ ಹಕ್ಕು. ಆದುದರಿಂದ ಧರಣಿ ಕುಳಿತ ರೈತನನ್ನು ಕಾಪಾಡುವುದೂ ಅಲ್ಲಿ ನಿಂತ ಪೊಲೀಸನ ಕರ್ತವ್ಯವೇ. ಗುಂಪು ಶಾಂತಿಭಂಗಕ್ಕೆ ಇಳಿದಾಗಲೂ ಚದುರಿಹೋಗಬೇಕೆಂದು ಮೊದಲು ಆಜ್ಞಾಪಿಸತಕ್ಕದ್ದು, ಅದನ್ನು ಮೀರಿದಾಗ ಮಾತ್ರ ಬಲಪ್ರಯೋಗ, ಅದೂ ಅಗತ್ಯವಿದ್ದಷ್ಟೇ.

ಇನ್ನೂ ಸೂಕ್ಷ್ಮವಾಗಿ ನೋಡಿದರೆ ಒಂದು ವಿಶೇಷ ಸಂಗತಿ ಕಾಣುತ್ತದೆ. ಪೊಲೀಸನಿಗೆ ಅಧಿಕಾರವನ್ನು ಕೊಟ್ಟ ಕಾನೂನೇ ಅವನ ವಿಷಯದಲ್ಲಿ ಸಂದೇಹವನ್ನೂ ಇಟ್ಟುಕೊಂಡಿದೆ. ಪೊಲೀಸ್ ಅಧಿಕಾರಿಯ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಸಾಕ್ಷ್ಯವನ್ನಾಗಿ ಬಳಸಕೂಡದೆಂದು 1872ರ ಸಾಕ್ಷ್ಯ ಅಧಿನಿಯಮವೇ ಹೇಳಿತು. 2024ನೆಯ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿಯೂ ಆ ನಿಯಮ ಉಳಿದಿದೆ. ಹೊಡೆದು ಒಪ್ಪಿಸಿದ ಮಾತಿಗೆ ಬೆಲೆಯಿಲ್ಲವೆಂದಾದರೆ ಹೊಡೆಯುವ ಆಸೆ ಕಡಮೆಯಾದೀತೆಂಬುದು ಇದರ ಆಶಯ. ಬಂಧಿತನನ್ನು, ಪ್ರಯಾಣದ ಕಾಲವನ್ನು ಬಿಟ್ಟು, 24 ಗಂಟೆಗಳೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕೆಂದು ಸಂವಿಧಾನದ 22ನೆಯ ವಿಧಿ ವಿಧಿಸಿದೆ. 1996ರಲ್ಲಿ ಡಿ.ಕೆ. ಬಸು ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು, ಬಂಧಿಸುವ ಪೊಲೀಸನು ತನ್ನ ಹೆಸರಿನ ಫಲಕವನ್ನು ಎಲ್ಲರಿಗೂ ಕಾಣುವಂತೆ ಧರಿಸಿರಬೇಕು, ಬಂಧನದ ವಿವರವನ್ನು ಬರೆದು ಸಾಕ್ಷಿಯ ಸಹಿ ಪಡೆಯಬೇಕು, ಬಂಧಿತನ ಕಡೆಯವರಿಗೆ ಸುದ್ದಿ ಮುಟ್ಟಿಸಬೇಕು, 48 ಗಂಟೆಗಳಿಗೊಮ್ಮೆ ಅವನ ವೈದ್ಯಕೀಯ ತಪಾಸಣೆ ಆಗಬೇಕು ಎಂಬಂಥ ಹನ್ನೊಂದು ಸೂಚನೆಗಳನ್ನು ಕೊಟ್ಟಿತು.

ಹಾಗಾದರೆ ಮೇಲಧಿಕಾರಿಯೇ ತಪ್ಪು ಆಜ್ಞೆ ಕೊಟ್ಟರೆ? 2011ರಲ್ಲಿ, ಸುಳ್ಳು ಎನ್‌ಕೌಂಟರ್ ಒಂದರ ಆರೋಪ ಹೊತ್ತ ಪೊಲೀಸರ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಇದಕ್ಕೆ ಸ್ಪಷ್ಟವಾದ ಉತ್ತರ ಕೊಟ್ಟಿದೆ: ಮೇಲಿನವರು ಹೇಳಿದರೆಂಬುದು ಕೊಲೆಗೆ ಸಮರ್ಥನೆಯಾಗಲಾರದು, ಅಂಥ ಆಜ್ಞೆಯನ್ನು ನಿರಾಕರಿಸುವುದೇ ಕರ್ತವ್ಯ. ವಿಧೇಯತೆಯು ಪೊಲೀಸನ ದೊಡ್ಡ ಗುಣವೆಂಬುದು ನಿಜ. ಆದರೆ ಅವನ ವಿಧೇಯತೆ ಮೊದಲು ಕಾನೂನಿಗೆ, ಅನಂತರ ಅಧಿಕಾರಿಗೆ.

ಬರೆದ ನಿಯಮಗಳೆಲ್ಲವೂ ತಾವಾಗಿಯೇ ನಡೆದುಬಿಡುತ್ತವೆಯೇ? ಇಲ್ಲ. 1977ರಲ್ಲಿ ನೇಮಕವಾದ ರಾಷ್ಟ್ರೀಯ ಪೊಲೀಸ್ ಆಯೋಗವು 1979ರಿಂದ 1981ರವರೆಗೆ ಎಂಟು ವರದಿಗಳನ್ನು ಕೊಟ್ಟಿತು. ತನಿಖೆಯ ಕೆಲಸವನ್ನು ಬಂದೋಬಸ್ತಿನ ಕೆಲಸದಿಂದ ಬೇರ್ಪಡಿಸಬೇಕು, ಅಧಿಕಾರಿಗಳನ್ನು ಮನಬಂದಂತೆ ವರ್ಗಾಯಿಸಕೂಡದು, ಪೊಲೀಸರ ಮೇಲಣ ದೂರುಗಳನ್ನು ವಿಚಾರಿಸಲು ಪ್ರತ್ಯೇಕ ಪ್ರಾಧಿಕಾರವಿರಬೇಕು ಎಂದು 2006ರಲ್ಲಿ ಪ್ರಕಾಶ್ ಸಿಂಗ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಆದೇಶಿಸಬೇಕಾಯಿತು. ಈ ಎರಡು ಮೈಲಿಗಲ್ಲುಗಳ ನಡುವೆ ಕಾಲು ಶತಮಾನ ಕಳೆದುಹೋಗಿತ್ತೆಂಬುದನ್ನು ನೆನೆದರೆ ಸುಧಾರಣೆಯ ದಾರಿ ಎಷ್ಟು ನಿಧಾನವಾದುದೆಂಬುದು ತಿಳಿಯುತ್ತದೆ. ನಿಯಮವು ಕಾಗದದಿಂದ ಇಳಿದು ಬರಬೇಕಾದರೆ ಅದನ್ನು ಇಳಿಸುವ ಮನುಷ್ಯ ಬೇಕು.

ಆ ಮನುಷ್ಯನ ಕೆಲಸ ಬಹುಪಾಲು ಸಣ್ಣದಾಗಿಯೇ ಕಾಣುತ್ತದೆ. ಹೊನ್ನವಳ್ಳಿ, ನೊಣವಿನಕೆರೆ, ದಂಡಿನಶಿವರ, ಹುಳಿಯಾರು ಇಂಥ ಊರಿನ ಒಂದು ಠಾಣೆಗೆ ಮುದುಕನೊಬ್ಬ ಬಂದು, ಅಟ್ಟದ ಮೇಲಿದ್ದ ಕಾಯಿ ಕಳವಾಯಿತೆಂದು ಹೇಳುತ್ತಾನೆನ್ನೋಣ. ಕೇಳುವವನಿಗೆ ಅದು ನಾಲ್ಕು ಚೀಲ ಕಾಯಿ; ಹೇಳುವವನಿಗೆ ಒಂದು ವರ್ಷದ ಬದುಕು. ‘ಹೋಗಯ್ಯಾ, ನಾಳೆ ಬಾ’ ಎಂದರೆ ಅವನು ಮರುಮಾತಾಡದೆ ಹೊರಟುಹೋಗುತ್ತಾನೆ. ‘ಕೂತ್ಕೊಳ್ಳಿ ಯಜಮಾನ್ರೇ, ಏನಾಯ್ತು ಹೇಳಿ’ ಎಂದು, ದೂರನ್ನು ಬರೆದುಕೊಂಡು, ಓದಿ ಹೇಳಿ, ಅದರ ಪ್ರತಿಯನ್ನು ಹಣ ಕೇಳದೆ ಅವನ ಕೈಗಿಟ್ಟರೆ ಕಾನೂನು ಆ ಗಳಿಗೆಯಲ್ಲಿ ಜೀವ ತಳೆಯುತ್ತದೆ. ಈ ಎರಡು ಮಾತುಗಳ ನಡುವಣ ಅಂತರವೇ ಒಳ್ಳೆಯ ಪೊಲೀಸನಿಗೂ ಕೆಟ್ಟ ಪೊಲೀಸನಿಗೂ ಇರುವ ಅಂತರ. ಇದಕ್ಕೆ ಗಂಡು ಹೆಣ್ಣೆಂಬ ಭೇದವೂ ಇಲ್ಲ. 2017ರಲ್ಲಿ ನೀಲಮಣಿ ರಾಜು ಅವರು ರಾಜ್ಯ ಪೊಲೀಸ್ ಇಲಾಖೆಯ ಮುಖ್ಯಸ್ಥರಾದ ಮೊದಲ ಮಹಿಳೆಯೆನಿಸಿದರು.

ಹಾಗಾದರೆ ಈ ವೃತ್ತಿಗೆ ಯಾರು ಹೋಗಬಾರದು? ಸಮವಸ್ತ್ರ ಕಂಡು ಜನರು ಹೆದರಲೆಂದು ಬಯಸುವವನು ಹೋಗಬಾರದು. ಹಳೆಯ ಹಗೆಯನ್ನು ತೀರಿಸಿಕೊಳ್ಳಲು ಅಧಿಕಾರ ಬೇಕೆನ್ನುವವನು ಹೋಗಬಾರದು. ಹಣ ಕೊಟ್ಟು ಸೇರಿ, ಕೊಟ್ಟ ಹಣವನ್ನು ಬಡವರಿಂದ ಹಿಂದಕ್ಕೆ ಪಡೆಯುವವನಂತೂ ಅತ್ತ ಸುಳಿಯಲೇಬಾರದು. ಇಂಥವರ ಮನಸ್ಸಿನಲ್ಲಿ ಸಂದೇಹವೇ ಇರುವುದಿಲ್ಲವೆಂಬುದನ್ನು ಗಮನಿಸಿ. ‘ನನ್ನ ಕೈಯಿಂದ ಅನ್ಯಾಯವಾದೀತೇ’ ಎಂದು ಮುಂಚಿತವಾಗಿಯೇ ಅಳುಕುವವನಾದರೋ, ಕಾನೂನು ಯಾವುದನ್ನು ಕಟ್ಟಳೆಯಾಗಿ ಬರೆದಿದೆಯೋ ಅದನ್ನು ತನ್ನ ಎದೆಯಲ್ಲಿ ಆಗಲೇ ಇಟ್ಟುಕೊಂಡಿದ್ದಾನೆ. ಲಾಠಿ ಎತ್ತುವ ಮುನ್ನ ಒಂದು ಕ್ಷಣ ತಡೆಯುವ ಕೈ ಅವನದಾಗುತ್ತದೆ.

ಹೀಗೆಂದ ಮಾತ್ರಕ್ಕೆ ಸಂದೇಹಪಡುವವರೆಲ್ಲರೂ ಪೊಲೀಸರಾಗಲೇಬೇಕೆಂದು ಅರ್ಥವಲ್ಲ. ಚೆನ್ನಾಗಿ ಯೋಚಿಸಿ ‘ಇದು ನನ್ನ ದಾರಿಯಲ್ಲ’ ಎಂದು ತಿರುಗಿದವನು ಹೇಡಿಯಲ್ಲ. ತೋಟವನ್ನು ನೋಡಿಕೊಳ್ಳುವುದೂ ಮಕ್ಕಳಿಗೆ ಪಾಠ ಹೇಳುವುದೂ ನಾಡಿನ ಸೇವೆಯೇ. ಸೇರಿದವನಾದರೋ ತನ್ನ ಸಂದೇಹವನ್ನು ಠಾಣೆಯ ಬಾಗಿಲಲ್ಲಿ ಬಿಟ್ಟು ಒಳಗೆ ಹೋಗಬಾರದು. ನಿವೃತ್ತಿಯ ದಿನದವರೆಗೂ ಅದನ್ನು ಜೊತೆಯಲ್ಲಿಯೇ ಇಟ್ಟುಕೊಳ್ಳಬೇಕು. ವಿದ್ಯಾರ್ಥಿಗಳೇ, ನಾಳೆ ನಿಮ್ಮ ತಾಯಿಯೋ ತಂಗಿಯೋ ದುಃಖದಿಂದ ಒಂದು ಠಾಣೆಯ ಮೆಟ್ಟಿಲು ಹತ್ತಬೇಕಾಗಿ ಬಂದರೆ, ಒಳಗೆ ಕುಳಿತವನು ಎಂಥವನಾಗಿರಬೇಕೆಂದು ನೀವು ಬಯಸುವಿರಿ? ಅಂಥವನಾಗಲು ನಿಮ್ಮಿಂದ ಸಾಧ್ಯವೇ ಎಂಬುದನ್ನು ಕೇಳಿಕೊಂಡು ನಿಮ್ಮ ದಾರಿಯನ್ನು ನೀವೇ ನಿಶ್ಚಯಿಸಿರಿ.

ಅಭ್ಯಾಸ

1. ತರುಣನ ಮೂರು ಬಗೆಯ ಭಯಗಳು ಯಾವುವು? ಅವುಗಳಲ್ಲಿ ಯಾವುದು ಹೆಚ್ಚು ಗಂಭೀರವಾದುದು? ಏಕೆ?
2. ‘ಪೊಲೀಸನಿಗೆ ಅಧಿಕಾರವನ್ನು ಕೊಟ್ಟ ಕಾನೂನೇ ಅವನ ವಿಷಯದಲ್ಲಿ ಸಂದೇಹವನ್ನೂ ಇಟ್ಟುಕೊಂಡಿದೆ.’ ಈ ಮಾತನ್ನು ಉದಾಹರಣೆಗಳೊಡನೆ ವಿವರಿಸಿರಿ.
3. ವಿದುರಾಶ್ವತ್ಥದ ಪೊಲೀಸರ ಸ್ಥಿತಿಗೂ ಇಂದು ರೈತರ ಧರಣಿಯ ಎದುರು ನಿಲ್ಲುವ ಪೊಲೀಸನ ಸ್ಥಿತಿಗೂ ಇರುವ ವ್ಯತ್ಯಾಸವನ್ನು ತಿಳಿಸಿರಿ.
4. ತಾತನ ಪ್ರಶ್ನೆಗೆ ಮೊಮ್ಮಗನು ಕೊಡಬಹುದಾದ ಉತ್ತರವನ್ನು ನಿಮ್ಮ ಮಾತಿನಲ್ಲಿ ಹತ್ತು ವಾಕ್ಯಗಳಲ್ಲಿ ಬರೆಯಿರಿ.